ಓಸ್ಲೋದಿಂದ ಲಿಲ್ಲೆಹಾಮ್ಮರ್ ತನಕ ಹೋಗಿ ಹಳೇ ಮರದ ಮನೆಗಳನ್ನು ನೋಡಬೇಕಾ? (ಮೈಹೌಗೆನ್ ಬಗ್ಗೆ)

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ನಾನು ಓಸ್ಲೋಗೆ ಬಂದು ಒಂದೂವರೆ ವರ್ಷವಾಯಿತು. ಜೂನ್ ಕೊನೆಗೆ ಅಪ್ಪ ಅಮ್ಮ ಮೊದಲ ಸಲ ಬರುತ್ತಿದ್ದಾರೆ. ಸಾಗರದ ಹತ್ತಿರ ನಮ್ಮೂರು, ಅಡಕೆ ತೋಟ ಇದೆ. ಅಪ್ಪನಿಗೆ 71. ಮಂಡಿ ನೋವಿದೆ, ಆದರೆ ನಿಧಾನಕ್ಕೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ.

ಬರ್ಗನ್, ಫ್ಯೋರ್ಡ್ ಎಲ್ಲ ಆಗಲೇ ಬುಕ್ ಮಾಡಿದ್ದೇನೆ. ನಡುವೆ ಒಂದು ದಿನ ಖಾಲಿ ಇದೆ. ಆಫೀಸಿನ ನಾರ್ವೆಯವರೆಲ್ಲ ಲಿಲ್ಲೆಹಾಮ್ಮರ್‌ನ ಮೈಹೌಗೆನ್ ಮ್ಯೂಸಿಯಂಗೆ ಕರೆದುಕೊಂಡು ಹೋಗು ಎನ್ನುತ್ತಾರೆ. ಗುಡ್‌ಬ್ರಾನ್ಸ್‌ಡಾಲೆನ್ ಕಣಿವೆಯ ಹಳೇ ಮನೆಗಳನ್ನು ತಂದು ಬಯಲಲ್ಲಿ ನಿಲ್ಲಿಸಿದ್ದಾರಂತೆ. ನನ್ನ ಹೆಂಡತಿ ಓಸ್ಲೋದಲ್ಲೇ ಅಂಥದ್ದು ಇದೆಯಲ್ಲ, ಅಷ್ಟು ದೂರ ಯಾಕೆ ಎನ್ನುತ್ತಾಳೆ. ಅಪ್ಪನಿಗೆ ಫೋನಲ್ಲಿ ಹೇಳಿದರೆ, "ಹಳೇ ಮರದ ಮನೆ ನೋಡೋಕೆ ನಾರ್ವೆ ತನಕ ಬರಬೇಕಾ? ನಮ್ಮೂರಲ್ಲಿ ಇಲ್ವಾ?" ಎಂದರು.

ಹೋದವರು ಇದ್ದರೆ ಹೇಳಿ. ಒಂದು ದಿನ ಅದಕ್ಕೆ ಕೊಡಬಹುದಾ? ಹತ್ತುವುದು ಇಳಿಯುವುದು ಜಾಸ್ತಿ ಇದೆಯಾ? ಮತ್ತೆ ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ, ಊಟಕ್ಕೆ ಏನು ಮಾಡುವುದು?

ಬರ್ಗನ್_ಮಳೆ
ಕಣ್ಣು ಮುಚ್ಚಿಕೊಂಡು ಹೋಗಿ. ನಾನು ಮೂರು ಸಲ ಹೋಗಿದ್ದೇನೆ.

ಉಡುಪಿ_ನಿತ್ಯ
ಓಸ್ಲೋದ ಬಿಗ್ಡೋಯ್‌ನಲ್ಲಿರುವ ಜಾನಪದ ಮ್ಯೂಸಿಯಂ ಸಾಕು ಸರ್. 30ನೇ ನಂಬರ್ ಬಸ್ ಹತ್ತಿದರೆ ಬಾಗಿಲಿಗೇ ಬಿಡುತ್ತದೆ. ಅಲ್ಲೂ 160 ಕಟ್ಟಡಗಳಿವೆ. ಗೋಲ್ ಎಂಬ ಊರಿನಿಂದ ತಂದ ಹಳೇ ಮರದ ಚರ್ಚ್ ಇದೆ. ಹಿರಿಯರನ್ನು ಕರೆದುಕೊಂಡು ಹೋಗಲು ಎರಡೂ ಕಡೆ ಸೇರಿ ನಾಲ್ಕು ಗಂಟೆಗೂ ಜಾಸ್ತಿ ರೈಲು ಯಾಕೆ? ಪಕ್ಕದ ವೈಕಿಂಗ್ ಹಡಗಿನ ಮ್ಯೂಸಿಯಂ ಮಾತ್ರ ಹೊಸದಾಗಿ ಕಟ್ಟಲು 2022ರಲ್ಲಿ ಮುಚ್ಚಿದರು, ತೆರೆದಿದೆಯಾ ಎಂದು ವಿಚಾರಿಸಿಕೊಂಡು ಹೊರಡಿ.

ಬರ್ಗನ್_ಮಳೆ
@ಉಡುಪಿ_ನಿತ್ಯ ಬಿಗ್ಡೋಯ್ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಎರಡೂ ಬೇರೆ ಬೇರೆ. ಬಿಗ್ಡೋಯ್‌ನಲ್ಲಿ ಇಡೀ ನಾರ್ವೆಯಿಂದ ತಂದಿದ್ದಾರೆ. ಸೆಟೆಸ್ಡಾಲ್‌ನ ಒಂದಿಷ್ಟು, ಹಾಲಿಂಗ್ಡಾಲ್‌ನ ಒಂದಿಷ್ಟು, ಟೆಲೆಮಾರ್ಕ್‌ನ ಒಂದಿಷ್ಟು. ಮೈಹೌಗೆನ್‌ನ ಹಳ್ಳಿ ಭಾಗದಲ್ಲಿರುವುದು ಒಂದೇ ಕಣಿವೆ. ಅದೇ ಕಣಿವೆಯ ದೊಡ್ಡ ಜಮೀನ್ದಾರನ ಮನೆ, ಅವನ ಹತ್ತಿರ ದುಡಿಯುತ್ತಿದ್ದವನ ಗುಡಿಸಲು, ಬೇಸಿಗೆಯಲ್ಲಿ ದನ ಮೇಯಿಸಲು ಹೋಗುತ್ತಿದ್ದ ಬೆಟ್ಟದ ಕೊಟ್ಟಿಗೆ, ಅವರೆಲ್ಲ ಸೇರುತ್ತಿದ್ದ ಚರ್ಚ್. ಒಂದು ಸೀಮೆಯ ಬದುಕು ಪೂರ್ತಿ ಕಾಣುತ್ತದೆ.

ಬ್ಯೋರ್ನ್‌ಸ್ಟಾಡ್ ಎಂಬ ಒಂದೇ ಮನೆತನದ ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಅಲ್ಲಿ ಅಂಗಳದ ಸುತ್ತ ನಿಲ್ಲಿಸಿದ್ದಾರೆ. ಒಂದೇ ಮನೆಗೆ ಅಷ್ಟು ಕಟ್ಟಡ! ಮಲಗಲು ಒಂದು, ಅಡುಗೆಗೆ ಒಂದು, ಧಾನ್ಯಕ್ಕೆ ಒಂದು, ಕುದುರೆಗೆ ಒಂದು, ಕುರಿಗೆ ಒಂದು. ಜನರ ಅಂಗಳ ಬೇರೆ, ದನಕರುಗಳ ಅಂಗಳ ಬೇರೆ. ಸಾಗರದ ಕಡೆಯವರಿಗೆ ಇದು ಮೊದಲ ನೋಟಕ್ಕೇ ಅರ್ಥವಾಗುತ್ತದೆ.

ಕೊಪ್ಪಳದ_ಹುಡುಗ
ಇದನ್ನೆಲ್ಲ ಯಾರು ಒಟ್ಟು ಮಾಡಿದ್ದು? ಸರ್ಕಾರವಾ?

ಟ್ರೊಂಡ್‌ಹೈಮ್_ಟೀಚರ್
ಒಬ್ಬ ಹಲ್ಲಿನ ಡಾಕ್ಟರ್! ಆಂಡರ್ಸ್ ಸಾಂಡ್ವಿಗ್ ಅಂತ. ಹುಟ್ಟಿದ್ದು 1862ರಲ್ಲಿ, ಕರಾವಳಿಯ ಕಡೆ. 1885ರಲ್ಲಿ ಲಿಲ್ಲೆಹಾಮ್ಮರ್‌ಗೆ ಬಂದರು. ಕಣಿವೆಯ ಹಳ್ಳಿಗಳಿಗೆಲ್ಲ ಹೋಗಿ ಹಲ್ಲು ನೋಡುತ್ತಿದ್ದರು. ಹೋದ ಕಡೆಯೆಲ್ಲ ಹಳೇ ಕಪಾಟು, ಕೆತ್ತನೆಯ ಪೆಟ್ಟಿಗೆ, ಮರದ ಪಾತ್ರೆಗಳನ್ನು ಜನ ಕಡಿಮೆ ಬೆಲೆಗೆ ಮಾರುತ್ತಿದ್ದರು, ಇಲ್ಲವೇ ಒಡೆದು ಸೌದೆ ಮಾಡುತ್ತಿದ್ದರು. ಹಲ್ಲು ಕಿತ್ತ ದುಡ್ಡಿನ ಬದಲು ಹಳೇ ಸಾಮಾನು ಕೊಟ್ಟರೂ ಅವರು ಒಪ್ಪುತ್ತಿದ್ದರು ಎಂದು ಅಲ್ಲಿನ ಗೈಡ್‌ಗಳು ಹೇಳುತ್ತಾರೆ. ಆಮೇಲೆ ಸಾಮಾನಿಗಿಂತ ಮನೆಯೇ ಮುಖ್ಯ ಅನ್ನಿಸಿತು. ಮೊದಲು ತಮ್ಮ ಮನೆಯ ತೋಟದಲ್ಲೇ ಹಳೇ ಮನೆಗಳನ್ನು ತಂದು ನಿಲ್ಲಿಸಿದರು. ಜಾಗ ಸಾಲದೆ ಹೋಯಿತು. 1904ರಲ್ಲಿ ಊರಿನ ಮೇಲಿನ ಗುಡ್ಡದಲ್ಲಿ ಮೈಹೌಗೆನ್ ಶುರುವಾಯಿತು. ಈಗ ಸುಮಾರು 200 ಕಟ್ಟಡಗಳಿವೆ. ಸಾಂಡ್ವಿಗ್ ತೀರಿಕೊಂಡಿದ್ದು 1950ರಲ್ಲಿ.

ಅವರ ವಿಚಾರ ನನಗೆ ತುಂಬ ಹಿಡಿಸಿತು. ಗಾಜಿನ ಪೆಟ್ಟಿಗೆಯಲ್ಲಿ ಚಮಚ ಇಟ್ಟು ಚೀಟಿ ಅಂಟಿಸಿದರೆ ಏನೂ ತಿಳಿಯುವುದಿಲ್ಲ. ಆ ಚಮಚ ಯಾವ ಮೇಜಿನ ಮೇಲಿತ್ತು, ಮೇಜು ಯಾವ ಕಿಟಕಿಯ ಹತ್ತಿರವಿತ್ತು, ಕಿಟಕಿಯಿಂದ ಏನು ಕಾಣುತ್ತಿತ್ತು, ಅದು ಬೇಕು.

ಉಡುಪಿ_ನಿತ್ಯ
ಕಿಟಕಿಯಿಂದ ಏನು ಕಾಣುತ್ತಿತ್ತು ಎನ್ನುವುದೇ ಮುಖ್ಯವಾದರೆ ಮನೆ ಕಿತ್ತು ತರಬಾರದಿತ್ತು, ಅಲ್ವಾ? ಈಗ ಆ ಕಿಟಕಿಯಿಂದ ಪಕ್ಕದ ಮ್ಯೂಸಿಯಂ ಮನೆ ಕಾಣುತ್ತದೆ. ನನಗೆ ಇಂಥ ಜಾಗಗಳಲ್ಲಿ ಬೇಸರವಾಗುವುದೇ ಇದಕ್ಕೆ. ಮನೆ ಎಂದರೆ ಬರೀ ಮರವಲ್ಲ. ಬಾವಿ, ದಾರಿ, ಪಕ್ಕದ ಮನೆಯವರ ಜಗಳ, ಎಲ್ಲ ಸೇರಿ ಮನೆ.

ಮರಗೆಲಸ_ಮನೆತನ
ಒಂದು ಮಾತು. ನಮ್ಮದು ತಲೆತಲಾಂತರದಿಂದ ಮರಗೆಲಸದ ಮನೆ. ನಾನು ಎರಡು ವರ್ಷ ನಾರ್ವೆಯಲ್ಲಿ ಕೆಲಸ ಮಾಡಿದ್ದೇನೆ, ಮೈಹೌಗೆನ್ ನೋಡಲೆಂದೇ ಹೋಗಿದ್ದೆ. ಅವರ ಮನೆಗಳು ದಿಮ್ಮಿಗಳ ಮೇಲೆ ದಿಮ್ಮಿ ಜೋಡಿಸಿದವು. ಮೂಲೆಯಲ್ಲಿ ಎರಡು ದಿಮ್ಮಿ ಸೇರುವ ಕಡೆ ಕಚ್ಚು ಹೊಡೆದು ಒಂದರೊಳಗೆ ಒಂದು ಕೂರಿಸುತ್ತಾರೆ. ಅದಕ್ಕೆ ಲಾಫ್ಟ್ ಎನ್ನುತ್ತಾರೆ. ಗೋಡೆ ನಿಲ್ಲುವುದು ಆ ಕಚ್ಚಿನಿಂದ ಮತ್ತು ಭಾರದಿಂದ. ದಿಮ್ಮಿಗಳ ನಡುವೆ ಪಾಚಿ ತುಂಬುತ್ತಾರೆ, ಗಾಳಿ ನುಗ್ಗುವುದಿಲ್ಲ.

ಇಂಥ ಮನೆಯನ್ನು ಬಿಚ್ಚಬಹುದು. ದಿಮ್ಮಿಗೆ ಒಂದೊಂದು ಗುರುತು ಹಾಕಿ, ಬಿಚ್ಚಿ, ಹಿಮದ ಮೇಲೆ ಗಾಡಿಯಲ್ಲಿ ಎಳೆದುಕೊಂಡು ಹೋಗಿ ಬೇರೆ ಕಡೆ ಕಟ್ಟಬಹುದು. ಮ್ಯೂಸಿಯಂಗಳು ಹುಟ್ಟುವ ಎಷ್ಟೋ ಮುಂಚೆಯೇ ಅಲ್ಲಿನ ರೈತರು ಹೀಗೆ ಮಾಡುತ್ತಿದ್ದರು. ಮನೆ ಮಾರುವುದು ಎಂದರೆ ಎಷ್ಟೋ ಸಲ ಜಾಗ ಬಿಟ್ಟು ಬರೀ ದಿಮ್ಮಿ ಮಾರುವುದು. ಹಾಗಾಗಿ ಅಲ್ಲಿ ಮನೆ ಎತ್ತಿಕೊಂಡು ಹೋಗುವುದು ಆ ಮನೆಗೆ ಹೊಸದಲ್ಲ. ಕಲ್ಲಿನ ಮನೆಗೆ, ಮಣ್ಣಿನ ಗೋಡೆಗೆ ಮಾತ್ರ ನಿಮ್ಮ ಮಾತು ನಿಜ.

ಉಡುಪಿ_ನಿತ್ಯ
ಇದು ಗೊತ್ತಿರಲಿಲ್ಲ. ಸರಿ, ಮರದ ವಿಷಯ ಒಪ್ಪಿದೆ. ಬಾವಿ ಮತ್ತು ದಾರಿಯ ವಿಷಯ ಇನ್ನೂ ಒಪ್ಪಿಲ್ಲ.

ಕೊಪ್ಪಳದ_ಹುಡುಗ
ಈ ಮಾತು ನನಗೆ ತಾಗಿತು. ನಮ್ಮ ಕುಕನೂರಿನ ಕಮಲ ಮಹಲ್ ಈಗ ಮಣಿಪಾಲದಲ್ಲಿದೆ. ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಂತ ವಿಜಯನಾಥ ಶೆಣೈ ಅವರು ಕಟ್ಟಿದ್ದು. ನಮ್ಮ ಜಿಲ್ಲೆಯ ಕಟ್ಟಡ ನೋಡಲು ನಾನು ರಾತ್ರಿ ಬಸ್ ಹಿಡಿದು ಕರಾವಳಿಗೆ ಹೋಗಬೇಕಾಯಿತು. ಮೊದಲು ಸಿಟ್ಟು ಬಂತು. ನಮ್ಮ ವಸ್ತು ನಮ್ಮ ಹತ್ತಿರ ಯಾಕೆ ಇಲ್ಲ ಅಂತ. ಒಳಗೆ ಹೋಗಿ ಕಂಬದ ಕೆತ್ತನೆ ನೋಡಿದೆ. ಆಮೇಲೆ ನಮ್ಮ ಕಡೆ ಅದೇ ಕಾಲದ ಉಳಿದ ವಾಡೆಗಳ ಗತಿ ಏನಾಯಿತು ಎಂದು ಯೋಚಿಸಿದೆ. ಅರ್ಧಕ್ಕರ್ಧ ಬಿದ್ದಿವೆ. ಕಲ್ಲು ಬೇರೆಯವರ ಕಾಂಪೌಂಡ್ ಆಗಿದೆ. ಸಿಟ್ಟು ಇಳಿಯಿತು, ದುಃಖ ಉಳಿಯಿತು.

ಉಡುಪಿ_ನಿತ್ಯ
@ಕೊಪ್ಪಳದ_ಹುಡುಗ ನಾನು ಮಣಿಪಾಲದಲ್ಲೇ ಓದಿದ್ದು. ಶೆಣೈ ಅವರ ಮೊದಲಿನ ಮನೆಯನ್ನೂ ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆಗಳಿಂದಲೇ ಕಟ್ಟಿದ್ದರು. ನೋಡಲು ಜನ ಬಂದು ಬಂದು ಅವರಿಗೆ ವಾಸ ಮಾಡುವುದೇ ಕಷ್ಟವಾಯಿತಂತೆ. ಆಮೇಲೆ ಈ ವಿಲೇಜ್ ಆಯಿತು. ಕುಂಜೂರಿನ ಚೌಕಿ ಮನೆ ಅಲ್ಲಿದೆ. ಶೆಣೈ 2017ರಲ್ಲಿ ತೀರಿಕೊಂಡರು. ಸಾಂಡ್ವಿಗ್ ಕಥೆ ಓದಿದಾಗ ಮೊದಲು ನೆನಪಾಗಿದ್ದೇ ಅವರು. ಒಬ್ಬನೇ ಮನುಷ್ಯ ಹಠ ಹಿಡಿದು ಮಾಡಿದ ಕೆಲಸ.

ಸುಮ್ನೆ_ಓದ್ತೀನಿ
ಚೆನ್ನೈ ಹತ್ತಿರದ ದಕ್ಷಿಣಚಿತ್ರ ಮ್ಯೂಸಿಯಂನಲ್ಲೂ ಇಳಕಲ್ ನೇಕಾರರ ಮನೆ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮಗ್ಗದ ಹತ್ತಿರ ಒಂದು ಗಂಟೆ ಕೂತರು.

ಗೇಣಿದಾರನ_ಮೊಮ್ಮಗ
ಎಲ್ಲರೂ ಕಂಬ, ಕೆತ್ತನೆ ಎನ್ನುತ್ತಿದ್ದೀರಿ. ಉಳಿಯುವುದು ಯಾವಾಗಲೂ ಶ್ರೀಮಂತರ ಮನೆಯೇ. ನಮ್ಮಜ್ಜ ಗೇಣಿ ಮಾಡುತ್ತಿದ್ದವರು. 1974ರ ಕಾನೂನು ಬಂದ ಮೇಲೆ ಜಮೀನು ಸಿಕ್ಕಿತು. ಅವರು ಇದ್ದ ಸೋಗೆ ಮನೆಯ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಒಡೆಯರ ಮನೆ ಮಾತ್ರ ಇವತ್ತಿಗೂ ಸಿನಿಮಾ ಶೂಟಿಂಗ್‌ಗೆ ಕೊಡುತ್ತಾರೆ. ನಾರ್ವೆಯಲ್ಲೂ ಇದೇ ಕಥೆ ಇರಬೇಕು.

ಬರ್ಗನ್_ಮಳೆ
@ಗೇಣಿದಾರನ_ಮೊಮ್ಮಗ ನಿಮ್ಮ ಪ್ರಶ್ನೆ ಸರಿ. ಅಲ್ಲೂ ಇಂಥವರು ಇದ್ದರು. ಹುಸ್ಮನ್ ಎನ್ನುತ್ತಾರೆ. ದೊಡ್ಡ ರೈತನ ಜಮೀನಿನ ಅಂಚಿನಲ್ಲಿ ಒಂದು ತುಂಡು ನೆಲ, ಒಂದು ಚಿಕ್ಕ ಮನೆ. ಬದಲಿಗೆ ಅವನ ಹೊಲದಲ್ಲಿ ದುಡಿಯಬೇಕು. ಮನೆ ಇವನೇ ಕಟ್ಟಿಕೊಂಡರೂ ನೆಲ ಅವನದು. ಮೈಹೌಗೆನ್‌ನಲ್ಲಿ ಹುಸ್ಮನ್ ಮನೆಯೂ ಇದೆ. ಬ್ಯೋರ್ನ್‌ಸ್ಟಾಡ್ ನೋಡಿ ಬಂದು ಅದರೊಳಗೆ ಕಾಲಿಟ್ಟರೆ ಎದೆ ಹಿಂಡುತ್ತದೆ. ಒಂದೇ ಕೋಣೆಯಲ್ಲಿ ಒಲೆ, ಮಂಚ, ಮಕ್ಕಳು, ಎಲ್ಲ.

ಅಮೆರಿಕಕ್ಕೆ ಹೊರಟವರಲ್ಲಿ ಇಂಥ ಮನೆಗಳಿಂದ ಹೋದವರು ತುಂಬ. 1825ರಲ್ಲಿ ಸ್ತವಾಂಗರ್‌ನಿಂದ ಮೊದಲ ಹಡಗು ಹೊರಟಿತು. ಅಲ್ಲಿಂದ ನೂರು ವರ್ಷದಲ್ಲಿ ಸುಮಾರು 8 ಲಕ್ಷ ಜನ ದೇಶ ಬಿಟ್ಟರು. ಒಂದು ಚಿಕ್ಕ ದೇಶಕ್ಕೆ ಇದು ಎಷ್ಟು ದೊಡ್ಡ ಸಂಖ್ಯೆ ಯೋಚಿಸಿ.

ಗೇಣಿದಾರನ_ಮೊಮ್ಮಗ
ತಿಳಿಸಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಆ ಮನೆ ಇಟ್ಟಿದ್ದಾರೆ ಎನ್ನುವುದೇ ನನಗೆ ದೊಡ್ಡ ವಿಷಯ.

ಹಿಮದಲ್ಲಿ_ಹವ್ಯಕ
ಮೂಲ ಪ್ರಶ್ನೆಗೆ ಬರೋಣ, ಪಾಪ ಅವರು ಊಟದ ಬಗ್ಗೆ ಕೇಳಿದ್ದರು. ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಇಲ್ಲಿಯವರಿಗೂ ಬುತ್ತಿ ಒಯ್ಯುವುದು ದೊಡ್ಡ ರೂಢಿ, ಮಾಟ್‌ಪಾಕೆ ಎನ್ನುತ್ತಾರೆ. ಹುಲ್ಲಿನ ಮೇಲೆ ಕೂತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ವಾಫಲ್ ಆಸೆಗೆ ಬೀಳಬೇಡಿ, ಮೊಟ್ಟೆ ಹಾಕಿರುತ್ತಾರೆ. ಲೆಫ್ಸೆ (ಇಲ್ಲಿನ ತೆಳು ರೊಟ್ಟಿ) ಸಿಕ್ಕರೆ ಏನೇನು ಹಾಕಿದ್ದಾರೆ ಕೇಳಿ ತಿನ್ನಿ. ಆಲೂಗಡ್ಡೆ ಹಾಕಿದ್ದು ನಮ್ಮ ಹೋಳಿಗೆ ಕಣಕದ ಹಾಗೆ ಮೆತ್ತಗಿರುತ್ತದೆ, ಅಮ್ಮನಿಗೆ ಇಷ್ಟವಾಗಬಹುದು.

ಬ್ರೂನೋಸ್ಟ್ ಮಾತ್ರ ತೋರಿಸಿ. ಕಂದು ಬಣ್ಣದ ಚೀಸ್. ಅದು ಈಗಿನ ರೂಪಕ್ಕೆ ಬಂದದ್ದು ಆ ಕಣಿವೆಯಲ್ಲಿ. ಚೀಸ್ ಮಾಡಿ ಉಳಿದ ತಿಳಿನೀರನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಹಾಲಿನಲ್ಲಿರುವ ಸಕ್ಕರೆ ಕಂದಾಗಿ ಗಟ್ಟಿಯಾಗುತ್ತದೆ. 1863ರಲ್ಲಿ ಆನ್ನೆ ಹೋವ್ ಎಂಬ ಹೆಣ್ಣುಮಗಳು ಬೆಟ್ಟದ ಹಟ್ಟಿಯಲ್ಲಿ ಅದಕ್ಕೆ ಕೆನೆ ಸೇರಿಸಿ ನೋಡಿದಳು. ರುಚಿ ಬಂತು, ಒಳ್ಳೇ ಬೆಲೆಯೂ ಬಂತು. ಆ ಕಣಿವೆಯ ಹೆಸರಲ್ಲೇ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ.

ಕೊಪ್ಪಳದ_ಹುಡುಗ
ಅಂದರೆ ನಮ್ಮ ಖೋವಾ ಥರ?

ಹಿಮದಲ್ಲಿ_ಹವ್ಯಕ
ಹತ್ತಿರ ಹತ್ತಿರ. ಖೋವಾ ಪೂರ್ತಿ ಹಾಲಿನದು, ಇದು ತಿಳಿನೀರಿನದು. ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ. ನನ್ನ ಮಗಳು ಧಾರವಾಡ ಪೇಡೆ ಮೊದಲ ಸಲ ತಿಂದಾಗ ಬ್ರೂನೋಸ್ಟ್ ಎಂದಳು!

ಟ್ರೊಂಡ್‌ಹೈಮ್_ಟೀಚರ್
ರೆನ್ನೆಟ್ ವಿಷಯ ನೋಡಿಕೊಳ್ಳಿ. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದು ಹಾಕಿರಬಹುದು. ಕಟ್ಟುನಿಟ್ಟಿನವರಾದರೆ ಪ್ಯಾಕೆಟ್ ಓದಿ.

ಶರಾವತಿ_ತೀರ
ಇಷ್ಟೆಲ್ಲ ಉತ್ತರ! ಥ್ಯಾಂಕ್ಸ್. ಅಪ್ಪನಿಗೆ ರೆನ್ನೆಟ್ ವಿಷಯ ಹೇಳಲೇಬೇಕು.

ಒಂದು ಮಾತು ಹೇಳಬೇಕು ಅನ್ನಿಸುತ್ತಿದೆ. ಅಪ್ಪ "ನಮ್ಮೂರಲ್ಲಿ ಇಲ್ವಾ" ಎಂದರಲ್ಲ, ನಿಜ ಹೇಳಬೇಕೆಂದರೆ ಈಗ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ದೊಡ್ಡ ಮನೆ ಕೆಡವಿದೆವು. ಪಾಲಾಗಿತ್ತು, ಮಾಡು ಸೋರುತ್ತಿತ್ತು, ರಿಪೇರಿಗೆ ಯಾರೂ ದುಡ್ಡು ಹಾಕಲು ತಯಾರಿರಲಿಲ್ಲ. ಮುಚ್ಚಿಗೆ ಹಲಗೆ, ಕಂಬ ಎಲ್ಲ ಒಬ್ಬ ವ್ಯಾಪಾರಿಗೆ ಒಟ್ಟಿಗೆ ಕೊಟ್ಟರು. ಎಲ್ಲಿಗೆ ಹೋಯಿತು ಎಂದು ನಮಗೆ ಗೊತ್ತಿಲ್ಲ. ಮುಂಬಾಗಿಲಿನ ಬಾಗಿಲವಾಡ ಮಾತ್ರ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿದ್ದಾರೆ. ಲಾರಿ ಬಂದ ದಿನ ಅಪ್ಪ ತೋಟಕ್ಕೆ ಹೋಗಿ ಸಂಜೆ ತನಕ ಬರಲಿಲ್ಲ ಎಂದು ಅಮ್ಮ ಹೇಳಿದ್ದರು. ಅದಕ್ಕೇ ನನಗೆ ಅನುಮಾನ. ಅಲ್ಲಿಗೆ ಹೋದರೆ ಅವರಿಗೆ ಖುಷಿಯಾಗುತ್ತದಾ, ನೋವಾಗುತ್ತದಾ?

ಮರಗೆಲಸ_ಮನೆತನ
ಎರಡೂ ಆಗುತ್ತದೆ. ಕರೆದುಕೊಂಡು ಹೋಗಿ.

ಉಡುಪಿ_ನಿತ್ಯ
ಅಯ್ಯೋ, ಇದು ಮೊದಲೇ ಗೊತ್ತಿದ್ದರೆ ನಾನು ಬರೀ ಬಸ್ ನಂಬರ್ ಹೇಳುತ್ತಿರಲಿಲ್ಲ. ನನ್ನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಲಿಲ್ಲೆಹಾಮ್ಮರ್‌ಗೇ ಹೋಗಿ. ಹೋಗುವ ಮುಂಚೆ ಅಪ್ಪನ ಹತ್ತಿರ ಮಾತಾಡಿ.

ಬರ್ಗನ್_ಮಳೆ
ಅಲ್ಲಿನ ಚರ್ಚ್ ಕಥೆಯನ್ನು ಅವರಿಗೆ ತಪ್ಪದೆ ಹೇಳಿ. ಗಾರ್ಮೋ ಎಂಬ ಊರಿನ ಮರದ ಚರ್ಚ್. 1200ರ ಆಸುಪಾಸಿನದು. ಹೊಸ ಚರ್ಚ್ ಬಂತು, ಹಳೆಯದು ಬೇಡವಾಯಿತು. 1880ರಲ್ಲಿ ಕೆಡವಿ ಮರವನ್ನು ಮಾರಿಬಿಟ್ಟರು. ಸಾಂಡ್ವಿಗ್ ಅದನ್ನೆಲ್ಲ ಒಟ್ಟುಮಾಡಿದರು. ಮೈಹೌಗೆನ್‌ನಲ್ಲಿ ಮತ್ತೆ ಎದ್ದು ನಿಂತದ್ದು 1921ರಲ್ಲಿ. ನಡುವೆ 40 ವರ್ಷ ಆ ಚರ್ಚ್ ಬರೀ ಬಿಡಿ ಮರವಾಗಿತ್ತು. ಈಗ ಅದರೊಳಗೆ ಮದುವೆಯಾಗುತ್ತವೆ.

ಟ್ರೊಂಡ್‌ಹೈಮ್_ಟೀಚರ್
ತಿದ್ದುಪಡಿ ಎನ್ನುವುದಕ್ಕಿಂತ ಒಂದು ಸೇರಿಕೆ. ಅದೆಲ್ಲ ಗಾರ್ಮೋದ್ದೇ ಅಲ್ಲ. ಒಳಗಿನ ಸಾಮಾನು ಬೇರೆ ಬೇರೆ ಹಳೇ ಚರ್ಚುಗಳಿಂದ ಬಂದದ್ದು. ಹೊರಗಿನ ಮರದಲ್ಲೂ ಹೊಸದು ಸಾಕಷ್ಟಿದೆ. ಪೂರ್ತಿ 800 ವರ್ಷ ಹಳೆಯದು ಎಂದು ಹೇಳಿದರೆ ತಪ್ಪಾಗುತ್ತದೆ. ಹೀಗೆ ಕಂಬ ನಿಲ್ಲಿಸಿ ಕಟ್ಟಿದ ಹಳೇ ಮರದ ಚರ್ಚ್ ನಾರ್ವೆಯಲ್ಲಿ ಹಿಂದೆ ಸಾವಿರಕ್ಕೂ ಹೆಚ್ಚಿದ್ದವಂತೆ. ಈಗ ಉಳಿದಿದ್ದು 28. ಗಾರ್ಮೋ ಅದರಲ್ಲಿ ಒಂದು, ಓಸ್ಲೋದ ಗೋಲ್ ಇನ್ನೊಂದು. ಗೋಲ್ ಚರ್ಚನ್ನೂ ಹೀಗೇ ಕೆಡವಲು ಹೊರಟಿದ್ದರು. ಹಳೇ ಕಟ್ಟಡ ಉಳಿಸುವ ಸಂಘದವರು ಕೊಂಡರು, ರಾಜ ಎರಡನೇ ಆಸ್ಕರ್ ದುಡ್ಡು ಕೊಟ್ಟು 1880ರ ದಶಕದಲ್ಲಿ ಬಿಗ್ಡೋಯ್‌ಗೆ ತರಿಸಿದರು.

ಮರಗೆಲಸ_ಮನೆತನ
ಆ ಚರ್ಚುಗಳು ಯಾಕೆ ಉಳಿದವು ಎನ್ನುವುದು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಮೊದಮೊದಲು ಅವರು ಕಂಬವನ್ನು ನೇರ ಮಣ್ಣಲ್ಲಿ ಹೂಳುತ್ತಿದ್ದರು. ಬುಡ ಕೊಳೆತು ಬೀಳುತ್ತಿತ್ತು. ಆಮೇಲೆ ಕಲ್ಲಿನ ಮೇಲೆ ಅಡಿತೊಲೆ ಇಟ್ಟು ಅದರ ಮೇಲೆ ಕಂಬ ನಿಲ್ಲಿಸಿದರು. ನಮ್ಮ ಮಲೆನಾಡಿನ ಮನೆಯಲ್ಲಿ ಜಗಲಿಯ ಕಂಬದ ಕೆಳಗೆ ಕಲ್ಲಿರುತ್ತದಲ್ಲ, ಅದೇ ತಿಳುವಳಿಕೆ. ಮರಕ್ಕೆ ಪೈನ್ ಮರದಿಂದ ಇಳಿಸಿದ ಡಾಂಬರು ಬಳಿಯುತ್ತಾರೆ. ಕೆಲವು ವರ್ಷಕ್ಕೊಮ್ಮೆ ಬಳಿಯಲೇಬೇಕು. ಬಿಸಿಲಿಗೆ ನಿಂತರೆ ಆ ವಾಸನೆ ಮೂಗಿಗೆ ಬಡಿಯುತ್ತದೆ. ನಮ್ಮಜ್ಜ ಜಂತೆಗೆ ಗೇರೆಣ್ಣೆ ಬಳಿಯುತ್ತಿದ್ದರು. ವಾಸನೆ ಬೇರೆ, ಕೆಲಸ ಒಂದೇ.

ಕೊಪ್ಪಳದ_ಹುಡುಗ
ಆ ಹುಲ್ಲು ಬೆಳೆದ ಮಾಡಿನ ಬಗ್ಗೆ ಯಾರಾದರೂ ಹೇಳಿ. ಫೋಟೋದಲ್ಲಿ ನೋಡಿದರೆ ನಮ್ಮ ಕಡೆಯ ಮಾಳಿಗೆ ಮನೆ ಮಳೆಗಾಲದಲ್ಲಿ ಕಂಡ ಹಾಗೆ ಕಾಣುತ್ತದೆ. ನಮ್ಮದರ ಮೇಲೂ ಸವಳು ಮಣ್ಣು ಹಾಕಿರುತ್ತಾರೆ, ಆಷಾಢದಲ್ಲಿ ಹುಲ್ಲು ಬರುತ್ತದೆ.

ಮರಗೆಲಸ_ಮನೆತನ
ನಿಮ್ಮದರಲ್ಲಿ ನೀರು ತಡೆಯುವುದು ಆ ಮಣ್ಣೇ. ಅವರದರಲ್ಲಿ ನೀರು ತಡೆಯುವುದು ಬರ್ಚ್ ಮರದ ತೊಗಟೆ. ಹಲಗೆಯ ಮೇಲೆ ತೊಗಟೆಯನ್ನು ಪದರ ಪದರ ಹಾಸುತ್ತಾರೆ. ಅದು ಗಾಳಿಗೆ ಹಾರಬಾರದು, ಸುರುಳಿಯಾಗಬಾರದು. ಅದಕ್ಕೆ ಮೇಲೆ ಹುಲ್ಲು ಬೆಳೆದ ಮಣ್ಣಿನ ಹೆಂಟೆಗಳ ಭಾರ. ಒಂದು ಚದರ ಮೀಟರಿಗೆ ಸುಮಾರು 250 ಕೆಜಿ ಬೀಳುತ್ತದೆ. ಆ ಭಾರಕ್ಕೆ ಕೆಳಗಿನ ದಿಮ್ಮಿಗಳು ಒಂದಕ್ಕೊಂದು ಒತ್ತಿಕೊಂಡು ಗೋಡೆ ಬಿಗಿಯಾಗುತ್ತದೆ. ಒಂದೇ ಮಣ್ಣು ಎಷ್ಟು ಕೆಲಸ ಮಾಡುತ್ತದೆ ನೋಡಿ.

ಕೊಪ್ಪಳದ_ಹುಡುಗ
ಒಲೆ ಹೊಗೆ ಹೋಗಲು? ನಮ್ಮಲ್ಲಿ ಬೆಳಕಿಂಡಿ ಇರುತ್ತದೆ.

ಬರ್ಗನ್_ಮಳೆ
ಅಲ್ಲಿಯೂ ಬೆಳಕಿಂಡಿಯೇ! ತುಂಬ ಹಳೇ ಕಾಲದ ಮನೆಗಳಲ್ಲಿ ಚಿಮಣಿ ಇರಲಿಲ್ಲ. ನೆಲದ ನಡುವೆ ಬೆಂಕಿ, ಮಾಡಿನ ನೆತ್ತಿಯಲ್ಲಿ ಒಂದು ಕಿಂಡಿ. ಅದಕ್ಕೆ ಲ್ಯೋರೆ ಎನ್ನುತ್ತಾರೆ. ಬೆಳಕು ಬರುವುದೂ ಅಲ್ಲಿಂದ, ಹೊಗೆ ಹೋಗುವುದೂ ಅಲ್ಲಿಂದ. ಒಳಗಿನ ಮರ ಕಪ್ಪಾಗಿ ಹೊಳೆಯುತ್ತದೆ.

ಸ್ತಾಬ್ಬುರ್ ಕೂಡ ನೋಡಿ. ಧಾನ್ಯ, ಮಾಂಸ, ಒಣರೊಟ್ಟಿ ಇಡುವ ಕಣಜದ ಮನೆ. ಗಿಡ್ಡ ಕಂಬಗಳ ಮೇಲೆ ನಿಂತಿರುತ್ತದೆ. ಮೆಟ್ಟಿಲನ್ನು ಬಾಗಿಲಿಗೆ ತಾಗಿಸಿರುವುದಿಲ್ಲ, ನಡುವೆ ಒಂದು ಹೆಜ್ಜೆ ಬಿಟ್ಟಿರುತ್ತಾರೆ. ಇಲಿ ಹಾರಿ ಬರಬಾರದು ಅಂತ.

ಸುಮ್ನೆ_ಓದ್ತೀನಿ
ಮಕ್ಕಳಿಗೆ ಅಲ್ಲಿ ಏನಿದೆ? ನಮ್ಮವಳಿಗೆ 6, ಮಗನಿಗೆ 12.

ಟ್ರೊಂಡ್‌ಹೈಮ್_ಟೀಚರ್
ತುಂಬ ಇದೆ. ಬೇಸಿಗೆಯಲ್ಲಿ ಹಳೇ ಕಾಲದ ಬಟ್ಟೆ ತೊಟ್ಟವರು ಮನೆಯೊಳಗೆ ಇರುತ್ತಾರೆ, ಕೆಲಸ ಮಾಡುತ್ತಾ ಮಾತಾಡಿಸುತ್ತಾರೆ. ಆಡು, ಕುರಿ, ಕೋಳಿ ಇರುತ್ತವೆ. ನಿಮ್ಮ ಮಗನಿಗೆ ಇನ್ನೊಂದು ಭಾಗ ಇಷ್ಟವಾಗುತ್ತದೆ. 20ನೇ ಶತಮಾನದ ಬೀದಿ. ಒಂದೊಂದು ದಶಕಕ್ಕೆ ಒಂದೊಂದು ಮನೆ, ಅಡುಗೆಮನೆಯ ಡಬ್ಬದ ತನಕ ಆ ಕಾಲದ್ದೇ. ರಾಣಿ ಸೋನ್ಯಾ ಬೆಳೆದ ಮನೆಯನ್ನೂ ಓಸ್ಲೋದಿಂದ ಅಲ್ಲಿಗೆ ತಂದಿದ್ದಾರೆ. ಅವರು ಬಟ್ಟೆ ವ್ಯಾಪಾರಿಯ ಮಗಳು, 1968ರಲ್ಲಿ ಯುವರಾಜನನ್ನು ಮದುವೆಯಾದರು. ಮನೆ ಸಾಧಾರಣದ್ದು. ಅಂಚೆ ಮ್ಯೂಸಿಯಂ, 1994ರ ಒಲಿಂಪಿಕ್ಸ್ ನೆನಪಿರುವ ಒಲಿಂಪಿಕ್ ಮ್ಯೂಸಿಯಂ ಕೂಡ ಅಲ್ಲೇ ಇವೆ. ಚಳಿಗಾಲದಲ್ಲಿ ಮಾತ್ರ ಹಳೇ ಮನೆಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಹೊರಗಿನಿಂದಲೇ ನೋಡಬೇಕು.

ಗೇಣಿದಾರನ_ಮೊಮ್ಮಗ
ಒಂದು ಪ್ರಶ್ನೆ. ಅಷ್ಟು ಚಿಕ್ಕ ದೇಶಕ್ಕೆ ಇಂಥ ಮ್ಯೂಸಿಯಂ ಹುಚ್ಚು ಯಾಕೆ ಹಿಡಿಯಿತು?

ಟ್ರೊಂಡ್‌ಹೈಮ್_ಟೀಚರ್
ನಾಲ್ಕು ಶತಮಾನ ಡೆನ್ಮಾರ್ಕ್ ಕೈಯಲ್ಲಿದ್ದರು. 1814ರಿಂದ 1905ರ ತನಕ ಸ್ವೀಡನ್ ರಾಜನ ಕೆಳಗೆ. ನಾವು ಯಾರು ಎಂದು ಹುಡುಕಲು ಹಳ್ಳಿಗೆ ಹೋದರು. ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ಸ್ಕಾನ್ಸೆನ್ ಎಂಬ ಇಂಥದ್ದೇ ಬಯಲು ಮ್ಯೂಸಿಯಂ ಶುರುವಾಯಿತು. ಅದನ್ನು ಕಟ್ಟಿದ ಹಸೇಲಿಯುಸ್ ನಾರ್ವೆಯ ಹಳ್ಳಿಗಳಿಂದಲೂ ಸಾಮಾನು ಕೊಂಡೊಯ್ಯುತ್ತಿದ್ದರು. ನಮ್ಮದೆಲ್ಲ ಸ್ವೀಡನ್ ಪಾಲಾಗುತ್ತಿದೆ ಎಂದು ಇಲ್ಲಿಯವರಿಗೆ ಆತಂಕವಾಯಿತು. ಬಿಗ್ಡೋಯ್ ಮ್ಯೂಸಿಯಂ 1894ರಲ್ಲಿ ಹುಟ್ಟಿತು.

ಭಾಷೆಯಲ್ಲೂ ಅದೇ ಆಯಿತು. ಬರೆಯುವುದೆಲ್ಲ ಡೇನಿಷ್‌ನಲ್ಲಿತ್ತು. ಈವಾರ್ ಓಸೆನ್ ಎಂಬ ರೈತನ ಮಗ 1840ರ ದಶಕದಲ್ಲಿ ಊರೂರು ಸುತ್ತಿ ಆಡುಮಾತು ಬರೆದುಕೊಂಡು, ಅದರಿಂದ ಒಂದು ಬರಹದ ಭಾಷೆಯನ್ನೇ ಕಟ್ಟಿದ. ಈಗ ಅದಕ್ಕೆ ನಿನೋರ್ಸ್ಕ್ ಎನ್ನುತ್ತಾರೆ. ಇವತ್ತಿಗೂ ಇಲ್ಲಿನ ಜನ ಟಿವಿಯಲ್ಲಿ, ಪಾರ್ಲಿಮೆಂಟಿನಲ್ಲಿ ತಮ್ಮ ಊರಿನ ಮಾತಲ್ಲೇ ಮಾತಾಡುತ್ತಾರೆ.

ಕೊಪ್ಪಳದ_ಹುಡುಗ
ಇದು ಕೇಳಿ ಖುಷಿಯಾಯಿತು. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಕನ್ನಡ ಕೇಳಿ ನಕ್ಕವರು ಎಷ್ಟು ಜನ. ಎರಡು ವರ್ಷ ಆಫೀಸಿನಲ್ಲಿ ನಮ್ಮೂರಿನ ಮಾತು ಆಡಿರಲಿಲ್ಲ. ಈಗ ಆಡುತ್ತೇನೆ.

ಹಿಮದಲ್ಲಿ_ಹವ್ಯಕ
ರೈಲಿನ ವಿಷಯ: ಓಸ್ಲೋದಿಂದ ಎರಡು ಗಂಟೆಗೆ ಸ್ವಲ್ಪ ಜಾಸ್ತಿ. ವಿಮಾನ ನಿಲ್ದಾಣದಲ್ಲೂ ನಿಲ್ಲುತ್ತದೆ. ಮ್ಯೋಸಾ ಕೆರೆಯ ದಡದಲ್ಲಿ ಹೋಗುತ್ತದೆ, ಅದು ನಾರ್ವೆಯಲ್ಲೇ ದೊಡ್ಡ ಕೆರೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. 67 ದಾಟಿದವರಿಗೆ ರಿಯಾಯಿತಿ ಇದೆ, ಹೊನ್ನೋರ್ ಟಿಕೆಟ್ ಎಂದು ಕೇಳಿ. ಸ್ಟೇಷನ್ನಿನಿಂದ ಮ್ಯೂಸಿಯಂ ತನಕ ಏರುದಾರಿ, ಮಂಡಿ ನೋವಿದ್ದರೆ ಬಸ್ಸಿನಲ್ಲಿ ಹೋಗಿ. ಒಳಗೂ ಗುಡ್ಡವೇ, ಜಲ್ಲಿ ದಾರಿ. ಕೋಲು ತರಲು ಹೇಳಿ.

ಶರಾವತಿ_ತೀರ
(ಮೂರು ವಾರದ ನಂತರ)

ಹೋಗಿ ಬಂದೆವು. ಹೇಳಬೇಕಾದದ್ದು ತುಂಬ ಇದೆ.

ಉಡುಪಿಯವರು ಹೇಳಿದ ಹಾಗೆ ರೈಲಿನಲ್ಲಿ ಅಪ್ಪನ ಹತ್ತಿರ ಮಾತಾಡಿದೆ. ಮನೆಯ ವಿಷಯ ತೆಗೆದಾಗ ಅವರು ಕೆರೆ ನೋಡುತ್ತಾ ಕೂತರು. ಸ್ವಲ್ಪ ಹೊತ್ತು ಬಿಟ್ಟು "ನೋಡೋಣ ನಡಿ" ಎಂದರು ಅಷ್ಟೇ.

ಮೊದಲ ಅರ್ಧ ಗಂಟೆ ಸುಮ್ನೆ ನಡೆದರು. ಬ್ಯೋರ್ನ್‌ಸ್ಟಾಡ್ ಅಂಗಳಕ್ಕೆ ಬಂದಾಗ ನಿಂತರು. ಒಂದು ಮೂಲೆಯ ಕಚ್ಚಿನ ಹತ್ತಿರ ಹೋಗಿ ದಿಮ್ಮಿಯನ್ನು ಗೇಣಿನಲ್ಲಿ ಅಳೆದರು. ಒಂದು ಗೇಣಿನ ಮೇಲೆ ನಾಲ್ಕು ಬೆರಳು. ಅಲ್ಲಿ ಹಳೇ ಬಟ್ಟೆ ಹಾಕಿದ ಒಬ್ಬ ಹುಡುಗಿ ಉಣ್ಣೆ ನೂಲುತ್ತಿದ್ದಳು. ಇವರು ನನ್ನ ಮೂಲಕ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಮರ ಯಾವ ತಿಂಗಳಲ್ಲಿ ಕಡಿಯುತ್ತಿದ್ದರು, ಎಷ್ಟು ದಿನ ಒಣಗಿಸುತ್ತಿದ್ದರು, ಹುಳು ಹಿಡಿಯುವುದಿಲ್ಲವಾ. ಚಳಿಗಾಲದಲ್ಲಿ ಕಡಿಯುತ್ತಿದ್ದರು ಎಂದಳು. ಅಪ್ಪ ತಲೆ ಆಡಿಸಿ, ನಮ್ಮಲ್ಲೂ ಮರ ಕಡಿಯಲು ಕಾಲ ನೋಡುತ್ತಿದ್ದೆವು ಎಂದು ಹೇಳು ಎಂದರು. ಹೇಳಿದೆ. ಅವಳು ನೂಲುವುದು ಬಿಟ್ಟು ಎದ್ದು ಬಂದು ಬೇರೆ ಕೋಣೆಯ ಬೀಗ ತೆಗೆದು ತೋರಿಸಿದಳು.

ಅಮ್ಮ ಸ್ತಾಬ್ಬುರ್ ಮೆಟ್ಟಿಲಿನ ಇಲಿ ಉಪಾಯ ನೋಡಿ ತುಂಬ ಮೆಚ್ಚಿದರು. ನಮ್ಮ ಪಣತಕ್ಕೆ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದರು. ಹುಸ್ಮನ್ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಅಪ್ಪ, ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಂದು ಕುಟುಂಬದ ಹೆಸರು ಹೇಳಿ, ಅವರ ಮನೆ ಇದಕ್ಕಿಂತ ಚಿಕ್ಕದಿತ್ತು ಎಂದರು. ಆ ಮನೆ ಇತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಗಾರ್ಮೋ ಚರ್ಚಿನ ಹೊರಗೆ ಹುಲ್ಲಿನ ಮೇಲೆ ಚಿತ್ರಾನ್ನ ತಿಂದೆವು. 40 ವರ್ಷ ಬಿಡಿ ಮರವಾಗಿದ್ದ ಕಥೆ ಅಲ್ಲೇ ಹೇಳಿದೆ. ಹೊಸ ಮರವೂ ಸೇರಿದೆ ಎನ್ನುವುದನ್ನೂ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಬರೆದಿಟ್ಟಿದ್ರಾ? ಯಾವ ಮರ ಎಲ್ಲಿಯದು ಅಂತ?"

ಅವತ್ತು ರಾತ್ರಿ ಹತ್ತರ ಮೇಲೂ ಬೆಳಕಿತ್ತು. ಅಪ್ಪ ನನ್ನ ಹತ್ತಿರ ಚೌಕುಳಿ ಹಾಳೆ ಕೇಳಿ ನಮ್ಮ ದೊಡ್ಡ ಮನೆಯ ನಕ್ಷೆ ಬರೆಯಲು ಕೂತರು. ಜಗಲಿ ಎಷ್ಟು ಅಂಕಣ, ಪಣತ ಎಲ್ಲಿ, ಬಚ್ಚಲು ಎಲ್ಲಿ, ಎಲ್ಲ ಗೇಣಿನ ಲೆಕ್ಕದಲ್ಲಿ. ಅಮ್ಮ ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. ಈಗ ಏಳು ಹಾಳೆಯಾಗಿವೆ. ಬಾಗಿಲವಾಡದ ಕೆಳಗೆ ಕಲ್ಲು ಕೊಟ್ಟು ಎತ್ತಿಡಲು ಚಿಕ್ಕಪ್ಪನಿಗೆ ಫೋನ್ ಮಾಡಿದ್ದಾರೆ. ಗೆದ್ದಲು ಹಿಡಿಯಬಾರದಲ್ಲ.

ಉಡುಪಿ_ನಿತ್ಯ
ಓದಿ ಕಣ್ಣು ತುಂಬಿ ಬಂತು. ಬಾವಿ ಎಲ್ಲಿತ್ತು ಎನ್ನುವುದನ್ನೂ ಬರೆಸಿ. ದಾರಿಯನ್ನೂ.

ಮರಗೆಲಸ_ಮನೆತನ
ಗೇಣಿನ ಲೆಕ್ಕ ಹಾಗೇ ಇರಲಿ, ಅಡಿಗೆ ಬದಲಾಯಿಸಬೇಡಿ. ಅಪ್ಪನ ಗೇಣು ಎಷ್ಟು ಇಂಚು ಎಂದು ಒಂದು ಸಲ ಅಳೆದು ಹಾಳೆಯ ಮೇಲೆ ಬರೆದಿಡಿ. ಬಾಗಿಲವಾಡಕ್ಕೆ ಗೇರೆಣ್ಣೆ ಬಳಿಸಿ, ಆದರೆ ಮಳೆ ಮುಗಿದು ಮರ ಒಣಗಿದ ಮೇಲೆ.

ಗೇಣಿದಾರನ_ಮೊಮ್ಮಗ
ಆ ಚಿಕ್ಕ ಮನೆಯನ್ನೂ ನಕ್ಷೆಯಲ್ಲಿ ಸೇರಿಸಿ ಅಣ್ಣ.

ಶರಾವತಿ_ತೀರ
@ಗೇಣಿದಾರನ_ಮೊಮ್ಮಗ ಸೇರಿಸಿದ್ದಾರೆ. ತೋಟದ ಕೆಳಗೆ, ಹಳ್ಳದ ಪಕ್ಕ. ಆರನೇ ಹಾಳೆ.

ಸುಮ್ನೆ_ಓದ್ತೀನಿ
ನಾವು ಆಗಸ್ಟ್ ಮೊದಲ ವಾರ ಹೋಗುತ್ತಿದ್ದೇವೆ. ಮಗುವಿನ ಗಾಡಿ ಒಳಗೆ ಹೋಗುತ್ತದಾ?

ಹಿಮದಲ್ಲಿ_ಹವ್ಯಕ
ದಾರಿಯಲ್ಲಿ ಹೋಗುತ್ತದೆ, ಮನೆಗಳ ಒಳಗೆ ಇಲ್ಲ. ಹೊಸಿಲು ಮೊಣಕಾಲಿನಷ್ಟು ಎತ್ತರ, ಬಾಗಿಲು ಗಿಡ್ಡ. ಹಣೆ ಜೋಪಾನ.